ಸಮ್ಮಟಿಯಕ್ಕನ ಬಲಗೈ

ಇಲ್ಲ ಕಣಯ್ಯಾ, ನೀನು ತಲೆ ಅಲ್ಲಾಡಿಸಿದ ಮಾತ್ರಕ್ಕೆ ನಡೆದದ್ದು ನಡೆಯದೆ ಹೋಗುತ್ತದೆಯೇ? ಹೆಂಗಸು ಸಮ್ಮಟಿಗೆ ಎತ್ತುವುದಿಲ್ಲ ಅಂತ ನಿನಗೆ ಯಾರು ಹೇಳಿದರು? ನಿನ್ನ ಹೆಂಡತಿ ಇಷ್ಟು ವರ್ಷದಿಂದ ನಿನ್ನನ್ನೇ ಎತ್ತಿಕೊಂಡು ಓಡಾಡುತ್ತಿಲ್ಲವೇ? ಅದಕ್ಕಿಂತ ಭಾರವೇ ಒಂದು ಸಮ್ಮಟಿಗೆ? ಸಮ್ಮಟಿಯಕ್ಕ ಎತ್ತುತ್ತಿದ್ದಳು. ಎತ್ತಿ ಇಳಿಸಿದರೆ ಮೂರು ಬೀದಿ ಆಚೆ ಹೆಪ್ಪು ಹಾಕದ ಹಾಲು ಮೊಸರಾಗುತ್ತಿತ್ತು. ಆಯಿತಪ್ಪ, ಮೂರು ಬೇಡ, ಎರಡು ಅಂತಿಟ್ಟುಕೋ. ಒಂದು ಬೀದಿಗಿಂತ ಕೆಳಗೆ ನಾನಂತೂ ಇಳಿಯುವುದಿಲ್ಲ.

ಅಂಥ ಬಲಗೈಯನ್ನು ಒಂದು ದಿನ ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೆ ಚಾಚಿಸಿ, ಮೂವರು ಅಣ್ಣತಮ್ಮಂದಿರು ಅವಳದೇ ಸಮ್ಮಟಿಗೆಯಿಂದ ಜಜ್ಜಲು ನಿಂತಿದ್ದರು. ಅವಳು ಮಾಡಿದ ತಪ್ಪೇನು? ಒಂದು ಬಾಯಿಂದ ಮಾತು ಕಲಿತು, ಇನ್ನೊಂದು ಬಾಯಿಯ ಕೆಳಗೆ ಕೆಲಸಕ್ಕೆ ನಿಂತದ್ದು. ಅಷ್ಟೇ. ನಗಬೇಡ, ಕೇಳು.

ಆ ಊರಿನಲ್ಲಿ ಭಾಷೆ ಒಂದೇ, ಬಾಯಿ ಎರಡು. ಕೆಳಗೆ ಬಂದರಿನವರು, ಮೇಲೆ ಗುಡ್ಡದ ಕಲ್ಲುಗಣಿಯವರು. ಬಂದರಿನಲ್ಲಿ ಸದಾ ಗಾಳಿ, ಸದಾ ಹಡಗಿನ ಗದ್ದಲ. ಉದ್ದಕ್ಕೆ ಮಾತಾಡಿದರೆ ಅರ್ಧ ಮಾತು ಗಾಳಿಪಾಲು. ಅದಕ್ಕೇ ಅಲ್ಲಿನವರು ಮಾತಿನ ಬಾಲವನ್ನು ಹಲ್ಲಿನಲ್ಲಿ ಕಚ್ಚಿ ತುಂಡು ಮಾಡಿ ಉಗುಳುತ್ತಿದ್ದರು. ‘ಬಾ’ ಅನ್ನುವುದರೊಳಗೆ ನೀನು ಬಂದಿರಬೇಕು, ಇಲ್ಲದಿದ್ದರೆ ಏಟು. ಗುಡ್ಡದವರು ಗಣಿಯ ಈ ದಂಡೆಯಿಂದ ಆ ದಂಡೆಗೆ ಕೂಗುವ ಜನ. ಬಾಲ ಉದ್ದವಿಲ್ಲದಿದ್ದರೆ ಅವರ ಮಾತು ಕಂದಕ ದಾಟುತ್ತಿರಲಿಲ್ಲ. ಗುಡ್ಡದವನೊಬ್ಬ ಬೆಳಿಗ್ಗೆ ‘ಚೆನ್ನಾಗಿದ್ದೀಯಾ’ ಅಂತ ಶುರು ಮಾಡಿದರೆ ಆ ‘ಯಾ’ ಮುಗಿಯುವ ಹೊತ್ತಿಗೆ ಕೇಳಿಸಿಕೊಂಡವನಿಗೆ ಜ್ವರ ಬಂದು, ಬಿಟ್ಟು, ಪಥ್ಯವೂ ಮುಗಿದಿರುತ್ತಿತ್ತು.

ಇವರು ಅವರನ್ನು ಅಣಕಿಸುವುದು, ಅವರು ಇವರನ್ನು ಅಣಕಿಸುವುದು, ಮಧ್ಯದಲ್ಲಿ ತಲೆ ಒಡೆಯುವುದು. ಸಂತೆಯಲ್ಲಿ ಒಡೆಯುತ್ತಿತ್ತು, ಹೆಂಡದಂಗಡಿಯಲ್ಲಿ ಒಡೆಯುತ್ತಿತ್ತು, ಆಸ್ಪತ್ರೆಗೆ ಒಡೆದ ತಲೆ ತೋರಿಸಲು ಹೋದ ಸಾಲಿನಲ್ಲೇ ಇನ್ನೊಮ್ಮೆ ಒಡೆಯುತ್ತಿತ್ತು. ಊರಿನ ಕ್ಷೌರಿಕ ಕೂದಲು ಕತ್ತರಿಸಿದ್ದಕ್ಕಿಂತ ತಲೆ ಹೊಲಿದದ್ದೇ ಹೆಚ್ಚು.

ಈ ಊರಿಗೆ ಸಮ್ಮಟಿಯಕ್ಕ ಗಂಡನ ಜೊತೆ ಬಂದಿಳಿದಳು. ಇಬ್ಬರಿಗೂ ಅಲ್ಲಿನ ಭಾಷೆಯ ಒಂದಕ್ಷರ ಬಾರದು. ಗಂಡ ಬಂದರಿನ ಕಮ್ಮಾರನ ಕುಲುಮೆಯಲ್ಲಿ ಸಮ್ಮಟಿಗೆ ಹೊಡೆಯುವ ಕೆಲಸ ಹಿಡಿದ. ಬಂದು ಹೆಚ್ಚು ದಿನ ಆಗಿರಲಿಲ್ಲ. ಹೆಂಡದಂಗಡಿಯಲ್ಲಿ ಬಂದರಿನವನೊಬ್ಬ ಗುಡ್ಡದವನ ಮಾತನ್ನು ಎಳೆದು ಎಳೆದು ಅಣಕಿಸಿದ. ಎಲ್ಲರೂ ನಕ್ಕರು. ಏನೆಂದು ಅರ್ಥವಾಗದಿದ್ದರೂ, ಎಲ್ಲರೂ ನಗುವಾಗ ನಗದಿದ್ದರೆ ಮರ್ಯಾದೆಯಲ್ಲ ಎಂದು ಇವನೂ ನಕ್ಕ. ಆದರೆ ಅವನು ನಕ್ಕದ್ದು ಕೊನೆಗೆ, ಉಳಿದವರೆಲ್ಲ ಸುಮ್ಮನಾದ ಮೇಲೆ. ಗುಡ್ಡದವನ ಕೈಯಲ್ಲಿದ್ದ ಬಾಟಲಿ ಇವನ ಕುತ್ತಿಗೆಗೆ ಇಳಿಯಿತು. ಮಣ್ಣು ನೆಲ, ರಕ್ತ ಹರಿಯಲಿಲ್ಲ, ಹೀರಿಕೊಂಡಿತು. ಹೆಣವನ್ನು ಕುಲುಮೆಯ ಕೈಗಾಡಿಯಲ್ಲಿ ಹಾಕಿ ಮನೆಗೆ ತಂದರು.

ಹೆಣ ಮಣ್ಣಾದ ಮರುದಿನ ಅವಳು ಕುಲುಮೆಗೆ ಹೋಗಿ ಗಂಡನ ಸಮ್ಮಟಿಗೆ ಎತ್ತಿದಳು. ಹೊಟ್ಟೆಗೆ ಬೇಕಲ್ಲ. ಮುದುಕ ಕಮ್ಮಾರ, ಅವನನ್ನು ಎಲ್ಲರೂ ಯಜಮಾನ ಅನ್ನುತ್ತಿದ್ದರು, ಇಕ್ಕುಳ ಹಿಡಿದು ಅವಳನ್ನು ಕೆಳಗಿನಿಂದ ಮೇಲೆ ನೋಡಿದ. “ಯಾರ್ ನೀನ್? ಇಳ್ಸ್ ಕೆಳಗ್, ಕತ್ತೆ” ಎಂದ. ಅವಳಿಗೆ ಅರ್ಥವಾಗಲಿಲ್ಲ. ಅಡಿಗಲ್ಲಿನ ಮೇಲೆ ಕೆಂಪಗಿದ್ದ ಕಬ್ಬಿಣಕ್ಕೆ ಒಂದು ಇಳಿಸಿದಳು. ಕಬ್ಬಿಣ ಹಪ್ಪಳವಾಯಿತು. ಯಜಮಾನನ ಬಾಯಲ್ಲಿದ್ದ ಬೀಡಿ ತಾನಾಗಿ ಆರಿತು. “ಹೊಡ್” ಎಂದ. ಅದು ಅವಳು ಕಲಿತ ಮೊದಲ ಮಾತು.

ಅವಳ ಭಾಷೆಯೆಲ್ಲ ಆ ಒಬ್ಬ ಮುದುಕನ ಬಾಯಿಂದ, ಬೆಂಕಿ ಹೊಗೆ ಏಟುಗಳ ನಡುವೆ ಬಂತು. ಆ ಬಾಯಲ್ಲಿದ್ದದ್ದು ಮೂರೇ ಸರಕು: ಕಬ್ಬಿಣ, ಅಪ್ಪಣೆ, ಬೈಗುಳ. ಒಂದು ವರ್ಷ ಅವಳು ತನ್ನನ್ನು ಆ ಊರಿನ ಭಾಷೆಯಲ್ಲಿ ‘ಕತ್ತೆ’ ಎಂದು ಕರೆಯುತ್ತಾರೆ ಅಂದುಕೊಂಡಿದ್ದಳು. ಯಾರಾದರೂ ಹೆಸರು ಕೇಳಿದರೆ ಎದೆ ತಟ್ಟಿ “ಕತ್ತೆ” ಅನ್ನುತ್ತಿದ್ದಳು, ಮಂತ್ರಿ ತನ್ನ ಪದವಿ ಹೇಳಿಕೊಂಡ ಹಾಗೆ. ಯಜಮಾನ ಬೆಳಿಗ್ಗೆ ಬಾಗಿಲು ತೆರೆಯುವಾಗ “ತಡ ಮಾಡಿದ್ರೆ ತಲೆ ಒಡೀತೀನ್” ಅನ್ನುತ್ತಿದ್ದ. ಸಂಜೆ ಬೀಗ ಹಾಕುವಾಗ, ಕೆಲಸ ಚೆನ್ನಾಗಿದ್ದರೆ, “ಕೈ ಮುರೀತೀನ್ ನಿಂದ್” ಅನ್ನುತ್ತಿದ್ದ. ಕೆಲಸ ಕೆಟ್ಟಿದ್ದ ದಿನ ಏನೂ ಅನ್ನುತ್ತಿರಲಿಲ್ಲ. ಹಾಗಾಗಿ ಅವಳಿಗೆ ಅದೇ ನಮಸ್ಕಾರ, ಅದೇ ಶಹಭಾಸ್.

ಅವಳು ದಿನಸಿ ಅಂಗಡಿಗೆ ಹೋಗಿ “ಎಣ್ಣೆ ಹಾಕ್, ತಲೆ ಒಡೀತೀನ್” ಎಂದರೆ ಅಂಗಡಿಯವನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಹೆಂಗಸಿನ ಗಂಟಲಿನಿಂದ ಯಜಮಾನನ ಧ್ವನಿ! ಅದೇ ಕಚ್ಚು, ಅದೇ ಕೆಮ್ಮು ಕೂಡ. ಮುದುಕ ಎರಡು ಮಾತಿಗೊಮ್ಮೆ ಕೆಮ್ಮುತ್ತಿದ್ದನಲ್ಲ, ಅದೂ ಭಾಷೆಯ ಭಾಗ ಅಂದುಕೊಂಡು ಅವಳು ಅದನ್ನೂ ಕಲಿತಿದ್ದಳು. ಬಂದರಿನವರಿಗೆ ಅವಳೆಂದರೆ ಪ್ರಾಣ. ಹಡಗಿನ ಆಳುಗಳು ಕೆಲಸ ಬಿಟ್ಟು ಬಂದು ಬಾಗಿಲಲ್ಲಿ ನಿಂತು “ಅಕ್ಕಾ, ಒಂದ್ ಬೈಯ್” ಎಂದು ಬೈಸಿಕೊಂಡು ಹೋಗುತ್ತಿದ್ದರು. ಯಜಮಾನನ ಮಗಳೊಬ್ಬಳು ಮಾತ್ರ ಸೆರಗಲ್ಲಿ ನಗು ಮುಚ್ಚಿಕೊಂಡು “ಅಕ್ಕಾ, ಹಂಗೆಲ್ಲಾ ಅನ್ಬಾರ್ದ್. ದೊಡ್ಡೋರಿಗೆ ಸ್ವಲ್ಪ ಮೆತ್ತಗೆ ಹೇಳ್” ಅನ್ನುತ್ತಿದ್ದಳು. “ಮೆತ್ತಗೆ ಅಂದ್ರೆ ಎಷ್ಟ್ ಸೇರಿನ್ ಪೆಟ್ಟ್?” ಎಂದು ಇವಳು ಕೇಳುತ್ತಿದ್ದಳು.

ಹೀಗೆ ವರ್ಷಗಳು ಹೋದವು. ಎದೆಯಲ್ಲಿ ಹೊಗೆ ಕಟ್ಟಿ ಯಜಮಾನ ಮಲಗಿದ. ಕೊನೆಯ ದಿನ ಅವಳನ್ನು ಹತ್ತಿರ ಕರೆದು, ಉಸಿರು ಕೂಡಿಸಿಕೊಂಡು, “ಕೈ ಮುರೀತೀನ್ ನಿಂದ್” ಎಂದ. ಅವಳು ತಲೆ ಬಾಗಿಸಿ ಆಶೀರ್ವಾದ ತೆಗೆದುಕೊಂಡಳು.

ಕುಲುಮೆ ಅಳಿಯನ ಪಾಲಾಯಿತು. ಅಳಿಯ ಗುಡ್ಡದವನು. ಹೌದಯ್ಯಾ, ಗುಡ್ಡದವನೇ. ಹುಡುಗಿ ಮನಸ್ಸು ಮಾಡಿದರೆ ಬಂದರೇನು, ಬೆಟ್ಟವೇನು? ಆ ಮದುವೆಗೆ ಎರಡೂ ಕಡೆಯಿಂದ ಸೇರಿ ಒಂದು ಬೊಗಸೆ ಹಲ್ಲು ಖರ್ಚಾಗಿತ್ತು ಅಂತ ಹೇಳುತ್ತಾರೆ. ಮಾವ ಬದುಕಿರುವವರೆಗೂ ಅಳಿಯ ಗುಡ್ಡದ ಮೇಲೇ ಗಣಿಯ ಉಳಿ ಹಾರೆಗಳನ್ನು ಬಡಿದುಕೊಂಡಿದ್ದ. ಸತ್ತ ಮೇಲೆ ಹೆಂಡತಿಯನ್ನು ಕರೆದುಕೊಂಡು ಕೆಳಗೆ ಬಂದ. ಕೆಲಸದಲ್ಲಿ ಗಟ್ಟಿಗ. ಬಾಯಿ ಮಾತ್ರ ಹಳ್ಳದ ನೀರು, ಹರಿದದ್ದೇ ಹರಿದದ್ದು.

ಮೊದಲ ಬೆಳಿಗ್ಗೆಯೇ, ಬಾಗಿಲ ತುಂಬ ಗಿರಾಕಿಗಳಿರುವಾಗ, ಅವಳ ಮಾತು ಕೇಳಿ ಅವನು ಬಿದ್ದು ಬಿದ್ದು ನಕ್ಕ. “ಏನಕ್ಕಾಆಆ, ನಾಯಿ ಮೂಳೆ ಕಡಿದಂಗೆ ಮಾತಾಡ್ತೀಯಲ್ಲೇಏಏ?”

ಅವಳಿಗೆ ಆ ಎಳೆತದಲ್ಲಿ ಅರ್ಧವೂ ಅರ್ಥವಾಗಲಿಲ್ಲ. ಹೊಸ ಯಜಮಾನ ನಗುತ್ತಿದ್ದಾನೆ, ಒಳ್ಳೆಯವನೇ ಇರಬೇಕು ಅಂದುಕೊಂಡಳು. ಹಳೆಯವನು ಕಲಿಸಿದ್ದರಲ್ಲೆಲ್ಲ ಉತ್ತಮವಾದದ್ದನ್ನು ಆರಿಸಿ, ಹಲ್ಲು ಬಿಟ್ಟು, “ಕೈ ಮುರೀತೀನ್ ನಿಂದ್” ಎಂದಳು.

ಬಾಗಿಲಲ್ಲಿದ್ದ ಬಂದರಿನವರು ಕಿಸಕ್ಕೆಂದರು. ಕಲ್ಲು ಹೊತ್ತು ತಂದಿದ್ದ ಗುಡ್ಡದವರು ನಗಲಿಲ್ಲ. ಇವಳ ಗಂಡನನ್ನು ಕೊಂದವನು ಗುಡ್ಡದವನು ಎಂಬುದು ಅವರಿಗೆ ಗೊತ್ತಿತ್ತು.

ಈಗ ಕೆಲಸದ ರೀತಿ ಹೇಳುತ್ತೇನೆ, ಗಮನವಿಟ್ಟು ಕೇಳು. ಕಾದ ಕಬ್ಬಿಣ ತುಂಡು ಮಾಡಬೇಕಾದರೆ ಕಮ್ಮಾರ ಅದರ ಮೇಲೆ ಗಿಡ್ಡ ಉಳಿ ಇಟ್ಟು ಕೈಯಲ್ಲಿ ಹಿಡಿದಿರುತ್ತಾನೆ, ಸಮ್ಮಟಿಗೆಯವಳು ಉಳಿಯ ತಲೆಗೆ ಹೊಡೆಯಬೇಕು. ಬಂದರಿನ ಮುದುಕ ಉಳಿ ಇಟ್ಟು, ನೆಟ್ಟಗೆ ಮಾಡಿ, ಕೈ ಗಟ್ಟಿ ಮಾಡಿ, ಎಲ್ಲ ಮುಗಿದ ಮೇಲೆ “ಹೊಡ್” ಅನ್ನುತ್ತಿದ್ದ. ‘ಹೊ’ ಕಿವಿಗೆ ಬಿದ್ದದ್ದೇ ಅವಳ ಹೆಗಲು ಇಳಿಯುತ್ತಿತ್ತು. ಗುಡ್ಡದ ರೀತಿ ಬೇರೆ. ಅಲ್ಲಿ ಕಮ್ಮಾರ “ಹೊಡೀಈಈಈ” ಎಂದು ಶುರು ಮಾಡಿಕೊಂಡೇ ಉಳಿಯನ್ನು ತಂದು, ಜಾಗ ಹುಡುಕಿ ಇಡುತ್ತಾನೆ. ಬಾಲ ಬಿದ್ದಾಗ ಪೆಟ್ಟು ಬೀಳಬೇಕು. ಬಾಲ ಉದ್ದವಾದಷ್ಟೂ ಪೆಟ್ಟು ಭಾರ. ಇಬ್ಬರದೂ ತಪ್ಪಿಲ್ಲ. ಇಬ್ಬರೂ ಒಂದೇ ಅಡಿಗಲ್ಲಿನ ಎದುರು ನಿಂತದ್ದೇ ತಪ್ಪು.

ಆ ಮಧ್ಯಾಹ್ನ ಅಳಿಯ ಒಲೆಯಿಂದ ಕೆಂಡದಂಥ ಸರಳನ್ನು ಎಳೆದು ಅಡಿಗಲ್ಲಿನ ಮೇಲೆ ಇಟ್ಟ. ಬಲಗೈಯಲ್ಲಿ ಉಳಿ ತೆಗೆದುಕೊಂಡು ಸರಳಿನ ಮೇಲೆ ಅಂಗೈ ತಂದು “ಹೊ” ಎಂದ.

ಆಮೇಲೆ ಬರಬೇಕಾಗಿದ್ದ ಬಾಲ ಬರಲಿಲ್ಲ. ಬಂದದ್ದು ಕಿರುಚು. ಸಮ್ಮಟಿಗೆ ಎದ್ದಾಗ ಅದರ ಕೆಳಗೆ ಕೈಯಂಥದ್ದು ಏನೋ ಇತ್ತು. ಎರಡು ಬೆರಳು ಕಬ್ಬಿಣಕ್ಕೆ ಅಂಟಿ ಸುಟ್ಟ ವಾಸನೆ ಬರುತ್ತಿತ್ತು. ಉಳಿ ಹಾರಿ, ಒಲೆಗೆ ಗಾಳಿ ಊದುವ ತಿದಿಯ ಚರ್ಮ ಸೀಳಿತ್ತು. ತಿದಿಯ ಗಾಳಿಯೆಲ್ಲ ನಿಟ್ಟುಸಿರಿನ ಹಾಗೆ ಹೊರಗೆ ಬಂತು. ಸಮ್ಮಟಿಯಕ್ಕ ಅವನನ್ನು ಬೆನ್ನಿಗೆ ಹಾಕಿಕೊಂಡು ಆಸ್ಪತ್ರೆಗೆ ಓಡಿದಳು. ದಾರಿಯುದ್ದಕ್ಕೂ ಅವನು ಅವಳ ಕಿವಿಯನ್ನು ಕಚ್ಚಿ ಹಿಡಿದಿದ್ದ. ನೋವಿಗೋ ಸಿಟ್ಟಿಗೋ, ಅವನಿಗೇ ಗೊತ್ತು. ವೈದ್ಯರು ಎರಡು ಬೆರಳು ಕತ್ತರಿಸಿ ಉಳಿದದ್ದನ್ನು ಹೊಲಿದರು.

ಸಂಜೆಯೊಳಗೆ ಊರಿಗೆಲ್ಲ ಸುದ್ದಿ. “ಬೆಳಿಗ್ಗೆ ಕೈ ಮುರೀತೀನಿ ಅಂದ್ಳು, ಮಧ್ಯಾಹ್ನಕ್ಕೆ ಮುರಿದ್ಳು. ಗಂಡನ ಸೇಡು ತೀರಿಸ್ಕೊಂಡ್ಳು.” ಬಂದರಿನವರಿಗೂ ಈ ಸಲ ನಗು ಬರಲಿಲ್ಲ.

ಅವಳು ಹೇಳಬಹುದಿತ್ತಲ್ಲ ಅಂತೀಯಾ? ಏನೆಂದು ಹೇಳಬೇಕು? ಮುದುಕ ಜೀವಮಾನದಲ್ಲಿ ಯಾರ ಹತ್ತಿರವೂ ಕ್ಷಮೆ ಕೇಳಿದವನಲ್ಲ. ಅವನು ಆಡದ ಮಾತು ಅವಳಿಗೆ ಎಲ್ಲಿಂದ ಬರಬೇಕು? ಆಸ್ಪತ್ರೆಯ ಜಗಲಿಯಲ್ಲಿ ಅಳಿಯನ ಹೆಂಡತಿ “ಯಾಕೆ ಹಿಂಗ್ ಮಾಡ್ದೆ ಅಕ್ಕಾ?” ಎಂದು ಅತ್ತಾಗ, ಅವಳು ಬಾಯಿ ತೆರೆದು ಒಳಗೆಲ್ಲ ಹುಡುಕಿದಳು. ಕಬ್ಬಿಣ ಸಿಕ್ಕಿತು, ಬೈಗುಳ ಸಿಕ್ಕಿತು, ಬೇಕಾದದ್ದು ಸಿಗಲಿಲ್ಲ. “ಹೊಡ್ ಅಂದ. ಹೊಡ್ದೆ” ಎಂದಳು. ಅದನ್ನು ಕೇಳಿ ಆ ಹುಡುಗಿ ಇನ್ನೂ ಜೋರಾಗಿ ಅತ್ತಳು.

ಗುಡ್ಡದವರಲ್ಲಿ ಒಂದು ನ್ಯಾಯ ಇತ್ತು. ಕುಲುಮೆಯಲ್ಲಿ ಆದ ಗಾಯಕ್ಕೆ ಪೊಲೀಸರಲ್ಲ, ಕೋರ್ಟಲ್ಲ. ಅದೇ ಅಡಿಗಲ್ಲು, ಅದೇ ಸಮ್ಮಟಿಗೆ, ಕೈಗೆ ಕೈ. ಒಂದೇ ಕಟ್ಟಳೆ: ಹೊಡೆಯುವ ಅಪ್ಪಣೆ ಗಾಯಗೊಂಡವನ ಬಾಯಿಂದಲೇ ಬರಬೇಕು. ಇಲ್ಲದಿದ್ದರೆ ಅದು ನ್ಯಾಯವಲ್ಲ, ಪುಂಡಾಟ.

ಅಳಿಯನ ಅಣ್ಣಂದಿರು ಮೂವರೂ ಇಳಿದು ಬಂದರು. ಸಮ್ಮಟಿಯಕ್ಕ ಓಡಿಹೋಗಿರಲಿಲ್ಲ. ಒಲೆ ಆರಬಾರದು ಎಂದು ಕುಲುಮೆಯಲ್ಲೇ ಕೂತು ಹರಿದ ತಿದಿ ಹೊಲಿಯುತ್ತಿದ್ದಳು. ಆ ಕೈ ಹೋದರೆ ಅವಳಿಗೆ ಮತ್ತೇನೂ ಇರಲಿಲ್ಲ. ಊರಲ್ಲಿ ನಂಟರಿಲ್ಲ, ಬೇರೆ ಕಸುಬಿಲ್ಲ, ತಿರುಪೆ ಎತ್ತೋಣವೆಂದರೆ ಅದಕ್ಕೆ ಬೇಕಾದ ಮಾತೂ ಗೊತ್ತಿಲ್ಲ. “ಭಿಕ್ಷೆ ಹಾಕ್, ತಲೆ ಒಡೀತೀನ್” ಎಂದರೆ ಯಾರು ಹಾಕುತ್ತಾರೆ?

ಸುಲಭವಾಗಿ ಸಿಗಲಿಲ್ಲ ಬಿಡು. ಮೊದಲು ನುಗ್ಗಿದ ಕಿರಿಯಣ್ಣನನ್ನು ಸೊಂಟ ಹಿಡಿದೆತ್ತಿ ಕಬ್ಬಿಣ ಆರಿಸುವ ನೀರಿನ ತೊಟ್ಟಿಯಲ್ಲಿ ತಲೆಕೆಳಗಾಗಿ ನೆಟ್ಟಳು. ಮಧ್ಯದವನ ಮೂಗನ್ನು ಇಕ್ಕುಳದಲ್ಲಿ ಹಿಡಿದು ಕುಲುಮೆಯ ಸುತ್ತ ಒಂದು ಸುತ್ತು ಮೆರವಣಿಗೆ ಮಾಡಿಸಿದಳು. ಅವನ ಮೂಗು ಅಂದಿನಿಂದ ಎಡಗಡೆಯ ವಾಸನೆಯನ್ನು ಮಾತ್ರ ಹಿಡಿಯುತ್ತಿತ್ತಂತೆ. ಕೊನೆಗೆ ದೊಡ್ಡಣ್ಣ ಹಿಂದಿನಿಂದ ಅವಳ ಜಡೆ ಹಿಡಿದು, ಕಂಬಕ್ಕೆ ತಲೆ ಎರಡು ಸಲ ಬಡಿದ. ಹಣೆ ಒಡೆದು ಕಣ್ಣಿಗೆ ರಕ್ತ ಇಳಿಯಿತು. ಕಾಣದೆ ಕೈ ಬೀಸಿದಳು, ಸಿಕ್ಕಿಬಿದ್ದಳು. ಮಧ್ಯದವನು ಅವಳ ಬಲಗೈಯ ಮಣಿಕಟ್ಟನ್ನು ಎರಡು ಕೈಯಲ್ಲಿ ಹಿಡಿದು ಅಡಿಗಲ್ಲಿನ ಮೇಲೆ ಒತ್ತಿದ. ತೊಟ್ಟಿಯಿಂದ ಎದ್ದುಬಂದ ಕಿರಿಯವನು ಅವಳ ಬೆನ್ನ ಮೇಲೆ ಮೊಣಕಾಲು ಊರಿದ. ದೊಡ್ಡಣ್ಣ ಸಮ್ಮಟಿಗೆ ಎತ್ತಿಕೊಂಡ.

ಅಳಿಯನನ್ನು ಆಸ್ಪತ್ರೆಯಿಂದ ಎಬ್ಬಿಸಿ ತಂದಿದ್ದರು. ಕೈಗೆ ಕುಂಬಳಕಾಯಿಯಷ್ಟು ದೊಡ್ಡ ಬ್ಯಾಂಡೇಜು, ಮುಖದಲ್ಲಿ ಜ್ವರ. ಹೆಂಡತಿ ಅವನ ಅಂಗಿ ಹಿಡಿದು ಜಗ್ಗುತ್ತಿದ್ದಳು. “ಬೇಡ ಕಣ್ರೀ. ಅಪ್ಪ ಸಾಕಿದ್ ಜೀವ ಅದ್. ಬೇಡ.”

“ನಿಮ್ಮಪ್ಪ ಸಾಕಿದ್ದು ನನ್ನ ಬೆರಳು ತಿಂತುಊಊ” ಎಂದ ಅವನು.

“ಹೇಳು ತಮ್ಮಾಆಆ” ಎಂದ ದೊಡ್ಡಣ್ಣ. “ಕೈ ನೋಯ್ತಾ ಇದೆ ನಂಗೆಏಏ.”

ಅಳಿಯ ಅಡಿಗಲ್ಲಿನ ಮುಂದೆ ಬಂದು ಅವಳ ಮುಖ ನೋಡಿದ. ಅವಳು ಅವನನ್ನು ನೋಡಲಿಲ್ಲ. ತನ್ನ ಕೈಯನ್ನೇ ನೋಡುತ್ತಿದ್ದಳು, ಇನ್ನೊಬ್ಬರ ಸಾಮಾನು ಒಪ್ಪಿಸಲು ಬಂದವಳ ಹಾಗೆ. ಮಿಸುಕಲಿಲ್ಲ. ಅವನು ಬಾಯಿ ತೆರೆದ.

“ಹೊ—”

ಅಷ್ಟೇ. ಅವಳ ಎರಡೂ ಹೆಗಲು ಇಳಿದವು. ತಪ್ಪಿಸಿಕೊಳ್ಳುವ ಯೋಚನೆಯೇ ಅವಳಿಗಿರಲಿಲ್ಲ ಕಣಯ್ಯಾ. ‘ಹೊ’ ಅಂದರೆ ಹೊಡೆಯಬೇಕು. ವರ್ಷಗಟ್ಟಲೆ ಮೈ ಕಲಿತ ಭಾಷೆ ಅದು. ಕೈಯಲ್ಲಿ ಸಮ್ಮಟಿಗೆ ಇಲ್ಲದಿದ್ದರೂ ಮೈ ಹೊಡೆಯಿತು. ಬೆನ್ನ ಮೇಲಿದ್ದ ಕಿರಿಯವನು ಒಲೆಯ ಬೂದಿಗೆ ಹೋಗಿ ಬಿದ್ದ. ಮಣಿಕಟ್ಟು ಹಿಡಿದಿದ್ದ ಮಧ್ಯದವನು ಕೈ ಬಿಡದೆ ಅವಳ ಜೊತೆಯೇ ನೆಲಕ್ಕೆ ಬಂದ. ಅವರೆಲ್ಲ ಬಿದ್ದು, ಎದ್ದು, ಮತ್ತೆ ಬಿದ್ದ ಮೇಲೆ “ಡೀಈಈಈ” ಮುಗಿಯಿತು. ದೊಡ್ಡಣ್ಣ ಅಪ್ಪಟ ಗುಡ್ಡದವನು, ಕಣ್ಣು ಮುಚ್ಚಿ ಬಾಲಕ್ಕೇ ಕಾದಿದ್ದ. ಬಾಲ ಬಿದ್ದದ್ದೇ ಪೂರ್ತಿ ಬಲ ಹಾಕಿ ಖಾಲಿ ಅಡಿಗಲ್ಲಿಗೆ ಹೊಡೆದ. ಖಾಲಿ ಅಡಿಗಲ್ಲಿಗೆ ಹೊಡೆಯಬಾರದು ಎಂಬುದು ಕುಲುಮೆಯಲ್ಲಿ ಹುಟ್ಟಿದ ಬೆಕ್ಕಿಗೂ ಗೊತ್ತು. ಕಲ್ಲು ಒಡೆಯುವವನಿಗೆ ಗೊತ್ತಿರಲಿಲ್ಲ. ಸಮ್ಮಟಿಗೆ ಹೋದಷ್ಟೇ ವೇಗದಲ್ಲಿ ಹಿಂದಕ್ಕೆ ಎದ್ದು ಅವನ ದವಡೆಗೆ ಬಂತು. ಮುಂದಿನ ಹಲ್ಲುಗಳೆಲ್ಲ ಹೊರಗೆ ಬಂದವು. ಒಂದು ಹೋಗಿ ಮಾಡಿನ ತೊಲೆಗೆ ಮೊಳೆಯ ಹಾಗೆ ಕಚ್ಚಿಕೊಂಡಿತು. ಅದಕ್ಕೆ ಎಷ್ಟೋ ದಿನ ಅಂಗಿ ನೇತುಹಾಕುತ್ತಿದ್ದರು.

ಅಣ್ಣನ ಬಾಯಿಯ ರಕ್ತ ಕಂಡು ಉಳಿದಿಬ್ಬರು ಅವಳ ಮೇಲೆ ಬಿದ್ದರು. ಬಾಗಿಲಲ್ಲಿ ನಿಂತಿದ್ದ ಬಂದರಿನ ಆಳುಗಳು ಒಳಗೆ ನುಗ್ಗಿದರು. ಅವರನ್ನು ಕಂಡು ಕಲ್ಲುಗಾಡಿಯ ಗುಡ್ಡದವರು ನುಗ್ಗಿದರು. ಸರಳು, ಹಾರೆ, ಇದ್ದಿಲಿನ ಬುಟ್ಟಿ, ಕೈಗೆ ಸಿಕ್ಕಿದ್ದೇ ಆಯುಧ. ಒಬ್ಬನ ಕಿವಿ ಹರಿಯಿತು. ಒಬ್ಬನ ಮೊಣಕೈ ಹಿಂದುಮುಂದಾಗಿ ಮಡಚಿತು. ಕೆಂಡ ಚೆಲ್ಲಿ ಇಬ್ಬರ ಪಂಚೆಗೆ ಬೆಂಕಿ ಹತ್ತಿ, ಅವರು ಬೆಂಕಿಯ ಸಮೇತ ಹೊಡೆದಾಡಿದರು. ಅಳಿಯ ಮಧ್ಯದಲ್ಲಿ ನಿಂತು “ನಿಲ್ಲಿಸೀಈಈಈ” ಎಂದು ಕೂಗಿದ. ಆ ಮಾತು ಮುಗಿಯುವುದರೊಳಗೆ ಇನ್ನೂ ಮೂರು ಹಲ್ಲು ಹೋದವು. ಆಗ ಅವನ ಹೆಂಡತಿ ಅಡಿಗಲ್ಲಿನ ಮೇಲೆ ಹತ್ತಿ ನಿಂತು, ಅಪ್ಪನ ಮಗಳಲ್ಲವೇ, “ನಿಲ್ಸ್!” ಎಂದಳು. ಬಂದರಿನವರು ಎತ್ತಿದ ಕೈ ಎತ್ತಿದಲ್ಲೇ ನಿಲ್ಲಿಸಿದರು. ಗುಡ್ಡದವರು ಬಾಲ ಬರಲಿ ಎಂದು ಕಾಯುತ್ತಾ ಒಂದೆರಡು ಏಟು ಹೆಚ್ಚಿಗೆ ಹೊಡೆದು, ಬಾಲ ಬಾರದೆ ಇದ್ದುದರಿಂದ ಗಲಿಬಿಲಿಗೊಂಡು ನಿಂತರು.

ಅಳಿಯ ಸಮ್ಮಟಿಯಕ್ಕನನ್ನೇ ನೋಡುತ್ತಿದ್ದ. ಅವನು ಕಮ್ಮಾರ. ಓಡುವ ಮೈ ಹೇಗೆ ತಿರುಗುತ್ತದೆ, ಹೊಡೆಯುವ ಮೈ ಹೇಗೆ ಇಳಿಯುತ್ತದೆ ಎಂದು ಅವನಿಗೆ ಗೊತ್ತು.

“ಅವಳು ಓಡ್ಲಿಲ್ಲಾಆ” ಎಂದ. “ಹೊಡೆದ್ಲು. ಬರೀ ಕೈಯಲ್ಲೇ ಹೊಡೆದ್ಲು. ನಾನು ಶುರು ಮಾಡಿದ್ದಕ್ಕೇಏ ಹೊಡೆದ್ಲು.”

“ಏನೋ ಹೇಳ್ತಿದೀಯಾಆಆ?” ಎಂದ ಮಧ್ಯದವನು ಮೂಗು ಹಿಡಿದುಕೊಂಡು.

“ಸಮ್ಮಟಿಗೆ ಕೊಡಿ ಅವಳಿಗೆಏಏ.”

“ತಲೆ ಕೆಟ್ಟಿದೆಯೇನೋಓಓ? ಮೂರು ಬೆರಳು ಉಳಿದಿರೋದು ಭಾರ ಆಯ್ತಾಆಆ?”

ಅವನು ಕೇಳಲಿಲ್ಲ. ಸಮ್ಮಟಿಗೆಯನ್ನು ಅವಳ ಕೈಗೆ ಕೊಡಿಸಿ, ಮಧ್ಯದವನ ಕಾಲಿನಿಂದ ಬೂಟು ಬಿಚ್ಚಿಸಿ, ತಾನು ಉಳಿ ತರುವ ಹಾಗೆಯೇ ಅದನ್ನು ದಾರದ ತುದಿಯಲ್ಲಿ ತೂಗಿಸಿಕೊಂಡು ಅಡಿಗಲ್ಲಿನ ಕಡೆ ತರುತ್ತಾ “ಹೊಡೀಈಈಈ” ಎಂದ. ‘ಹೊ’ಗೆ ಬೂಟು ಚಪ್ಪಟೆಯಾಯಿತು. ‘ಈಈಈ’ ಬರುವಾಗ ಅದರ ಹಿಮ್ಮಡಿ ಬಾಗಿಲಾಚೆ ಹಾರುತ್ತಿತ್ತು. ಗುಡ್ಡದವರು ಬೂಟು ನೋಡಿದರು, ಅವನ ಬಾಯಿ ನೋಡಿದರು.

“ಹೊಸಾ ಬೂಟು ಕಣೋಓಓ” ಎಂದ ಮಧ್ಯದವನು.

ಅಳಿಯ ಒಂದು ಸರಳು ಇಟ್ಟು ಅದರ ಮೇಲೆ ಉಳಿ ನಿಲ್ಲಿಸಿದ. ಹಿಡಿದದ್ದು ಉಳಿದಿದ್ದ ಒಳ್ಳೆಯ ಕೈಯಲ್ಲಿ, ಎಡಗೈಯಲ್ಲಿ. ಅವಳು ಬೇಕೆಂದೇ ಹೊಡೆದವಳಾಗಿದ್ದರೆ ಈಗ ಎರಡನೆಯದೂ ಹೋಗುತ್ತದೆ. ಅವನ ನಾಲಿಗೆ ಅಭ್ಯಾಸಬಲದಿಂದ ಜಾರಿ, ಕೈಯೂ ಅದರ ಜೊತೆ ಅಲ್ಲಾಡಿದರೂ ಹೋಗುತ್ತದೆ.

ಬಂದರಿನ ಆಳೊಬ್ಬನಿಂದ ಸಮ್ಮಟಿಯಕ್ಕನ ಎರಡೂ ಕಿವಿ ಮುಚ್ಚಿಸಿ, “ಹೇಗೆ ಅನ್ನೋದೇಏಏ?” ಎಂದು ಹೆಂಡತಿಯನ್ನು ಕೇಳಿದ.

“ಹೊಡ್.”

“ಹೊಡ್ಡೂಊ.”

“ಬಾಲ ಕತ್ತರಿಸ್ರೀ! ಹೊಡ್.”

“ಹೊಡ್ಉಉ.”

“ಅಯ್ಯೋ ನನ್ ಕರ್ಮವೇ. ಬಾಗ್ಲಲ್ಲಿ ಬೆರಳು ಸಿಕ್ಕಿದ್ರೆ ಹೆಂಗ್ ನಿಲ್ಸ್ತೀರಿ? ಹಂಗ್ ನಿಲ್ಸಿ.”

ಬೆರಳಿನ ಮಾತು ಕೇಳಿ ಅವನು ಬೆವತ. ಗೋಡೆಯ ಕಡೆ ತಿರುಗಿ ಬಾಯೊಳಗೇ ಹೇಳಿಕೊಂಡ. ಸ್ವಂತ ಊರಿನವರೆದುರು ಬಂದರಿನವರ ಹಾಗೆ ಮಾತಾಡುವುದು ಅವನಿಗೆ ಬೆರಳು ಕಳೆದುಕೊಂಡದ್ದಕ್ಕಿಂತ ಕಷ್ಟವಾಗಿತ್ತು. ಆಳು ಕಿವಿ ಬಿಟ್ಟ ಮೇಲೆ ಸಮ್ಮಟಿಯಕ್ಕ ಕಣ್ಣಿನ ರಕ್ತ ಒರೆಸಿಕೊಂಡು, ಸಮ್ಮಟಿಗೆ ತಲೆಯ ಮೇಲೆತ್ತಿ ಕಾಯುತ್ತಿದ್ದಳು.

ಅವನು ತಿರುಗಿದ. ಉಳಿ ನೆಟ್ಟಗೆ ಮಾಡಿದ. ಕೈ ಗಟ್ಟಿ ಮಾಡಿದ.

“ಹೊಡ್!”

ಸಮ್ಮಟಿಗೆ ಉಳಿಯ ತಲೆಗೆ ಬಿತ್ತು. ಸರಳು ಎರಡು ತುಂಡಾಗಿ, ಒಂದು ತುಂಡು ಕಿರಿಯಣ್ಣನ ಮೊಣಕಾಲಿಗೆ ಹೋಗಿ ಬಡಿಯಿತು. ಅವನು ಗೂಳಿಯ ಹಾಗೆ ಕೂಗಿದ. ಯಾರೂ ಅವನನ್ನು ನೋಡಲಿಲ್ಲ. ಎಲ್ಲರೂ ಎಡಗೈ ನೋಡುತ್ತಿದ್ದರು. ಅಳಿಯ ಅದನ್ನು ಎತ್ತಿ, ತಿರುಗಿಸಿ, ಐದು ಬೆರಳನ್ನೂ ಬಿಡಿಸಿ ತೋರಿಸಿದ.

“ಹಂಗಾದ್ರೆ ಹೋದ ಬೆರಳಿಗೆ ಯಾರು ಹೊಣೆಏಏ?” ಎಂದ ಮಧ್ಯದವನು. ಅವನಿಗೆ ಬೂಟಿನ ಸಂಕಟವೂ ಇತ್ತು.

“ನನ್ನ ನಾಲಿಗೆಏಏ” ಎಂದ ಅಳಿಯ. “ಅದನ್ನ ಇಡ್ಲಾ ಅಡಿಗಲ್ಲಿನ ಮೇಲೆಏಏ? ಹೊಡೀತೀಯಾಆಆ?”

ದೊಡ್ಡಣ್ಣ ಏನೋ ಹೇಳಿದ. ದವಡೆ ಮುರಿದಿತ್ತು, ಏನೆಂದು ಯಾರಿಗೂ ತಿಳಿಯಲಿಲ್ಲ. ಅವನೇ ಸಮ್ಮಟಿಗೆಯ ಕಡೆ ಬೆರಳು ತೋರಿಸಿ, ಇನ್ನು ಸಾಕು ಎಂಬಂತೆ ತಲೆ ಅಲ್ಲಾಡಿಸಿ ಹೊರಗೆ ನಡೆದ, ತಮ್ಮಂದಿರು ಹಿಂಬಾಲಿಸಿದರು. ಪಾಪ, ಅವನ ದವಡೆಗೆ ಆಸ್ಪತ್ರೆಯಲ್ಲಿ ತಂತಿ ಕಟ್ಟಿದರು. ಬಾಯಿ ಅಗಲವಾಗಿ ತೆರೆಯುವ ಹಾಗಿಲ್ಲ, ಮಾತಿಗೆ ಬಾಲವೇ ಇಲ್ಲ. ಗುಡ್ಡದ ಹೆಂಡದಂಗಡಿಗೆ ಹೋಗಿ “ಹಾಕ್” ಎಂದನಂತೆ. ಬಂದರಿನವನು ನುಗ್ಗಿದ್ದಾನೆ ಎಂದು ಕತ್ತಲಲ್ಲಿ ಸ್ವಂತ ಚಿಕ್ಕಪ್ಪನೇ ಬೆಂಚು ಎತ್ತಿ ಬಾರಿಸಿದ. ಇದು ಮಾತ್ರ ಉತ್ಪ್ರೇಕ್ಷೆ ಅಲ್ಲ, ಆ ಬೆಂಚಿನ ಮುರಿದ ಕಾಲನ್ನು ನೋಡಿದವರಿದ್ದಾರೆ.

ಗಾಯ ಒಣಗಿದ ಮೇಲೆ ಕುಲುಮೆ ಮತ್ತೆ ಶುರುವಾಯಿತು. ಆ ದಿನವಂತೂ ಇನ್ನೂ ಅಪಾಯ. ಯಾಕೆಂದರೆ ಅಳಿಯ ರಾತ್ರಿಯೆಲ್ಲ ಹೆಂಡತಿಯ ಹತ್ತಿರ ಬಂದರಿನ ಮಾತು ಕಲಿತು ಬಂದಿದ್ದ. ಇವಳು, ಅವನಿಗೆ ಗೊತ್ತಾಗದ ಹಾಗೆ, ಕಲ್ಲುಗಾಡಿಯವರ ಹಿಂದೆ ಅಲೆದು ಗುಡ್ಡದ ಮಾತಿಗೆ ಕಿವಿ ಪಳಗಿಸಿಕೊಂಡಿದ್ದಳು. ಅವನು ಉಳಿ ಇಟ್ಟು “ಹೊಡ್” ಎಂದ. ಅವಳು ಸಮ್ಮಟಿಗೆ ಎತ್ತಿಕೊಂಡು ಬಾಲಕ್ಕೆ ಕಾದಳು. ಕಾದಳು, ಕಾದಳು. ಪೆಟ್ಟು ಯಾಕೆ ಬೀಳಲಿಲ್ಲ ಎಂದು ಅವನು ತಲೆ ಮುಂದೆ ಚಾಚಿ ನೋಡಿದ. ಬಾಲ ಈಗ ಬಿದ್ದಿರಬೇಕು ಎಂದು ಅವಳು ಆಗಲೇ ಇಳಿಸಿದಳು.

ತಲೆ ಉಳಿಯಿತು. ಟೋಪಿ ಹೋಯಿತು, ಜೊತೆಗೆ ಹುಬ್ಬಿನ ಮೇಲಿನ ಚರ್ಮ ಒಂದಿಷ್ಟು. ಅವನು ನೆಲಕ್ಕೆ ಕೂತ. ಅವಳು ಸಮ್ಮಟಿಗೆ ಬಿಸಾಕಿ ಅವನ ಮುಂದೆ ಕೂತು, ಬಾಯಿ ತೆರೆದು, ಮತ್ತೆ ಒಳಗೆಲ್ಲ ಹುಡುಕತೊಡಗಿದಳು. ಈ ಸಲ ಯಜಮಾನನ ಮಗಳು ಕಲಿಸಿದ್ದ, ಕ್ಷಮೆ ಕೇಳುವ ಒಂದು ಮಾತು ಅಲ್ಲಿತ್ತು. ಆದರೆ ಅದನ್ನು ಹೊರಗೆ ಎಳೆಯುವಷ್ಟರಲ್ಲಿ ಅವನೇ ಮೊದಲಾದ.

ಅವನು ಹುಬ್ಬಿನ ರಕ್ತವನ್ನು ಎಡಗೈಯಲ್ಲಿ ಒರೆಸಿಕೊಂಡು, ಅವಳ ಮುಖವನ್ನೇ ನೋಡಿ, ಒಂದು ಸಲ ಕೆಮ್ಮಿ, ಅಚ್ಚುಕಟ್ಟಾಗಿ ಬಾಲ ಕಚ್ಚಿ ಹೇಳಿದ:

“ಕೈ ಮುರೀತೀನ್ ನಿಂದ್.”

ಮುದುಕ ಸತ್ತ ಮೇಲೆ ಆ ಮಾತನ್ನು ಅವಳಿಗೆ ಯಾರೂ ಅಂದಿರಲಿಲ್ಲ. ಅವಳು ಅಡಿಗಲ್ಲಿಗೆ ಒರಗಿ, ಬಲಗೈಯಲ್ಲಿ ಮುಖ ಮುಚ್ಚಿಕೊಂಡು, ಅಳುತ್ತಾಳೋ ನಗುತ್ತಾಳೋ ಗೊತ್ತಾಗದ ಹಾಗೆ ಅಲುಗಾಡಿದಳು. ಆಮೇಲೆ ಎದ್ದು ಸಮ್ಮಟಿಗೆ ಎತ್ತಿಕೊಂಡು, ಇನ್ನೇನು ಅವನು ಉಳಿ ಇಟ್ಟ ಅನ್ನುವಾಗ—

“ಮಾವಾ! ಎಷ್ಟು ಸಲ ಕರೀಬೇಕು? ತಟ್ಟೆ ಹಾಕಿ ಅರ್ಧ ಗಂಟೆ ಆಯ್ತು. ಆ ಹೆಂಗಸಿನ ಕೈಯಲ್ಲಿ ಇನ್ನೆಷ್ಟು ಹಲ್ಲು ಉದುರಿಸ್ತೀರಿ? ನಿಮಗಿರೋ ನಾಲ್ಕು ಹಲ್ಲಿಗೆ ಮೆತ್ತಗೆ ಮಾಡಿದೀನಿ, ಬನ್ನಿ.”

ಬಂದೆ ಕಣಮ್ಮಾ, ಬಂದೆ. ಸೊಸೆ ಕರೆಯುತ್ತಿದ್ದಾಳೆ, ಏಳಯ್ಯಾ, ನೀನೂ ಬಾ. ನಂಬದವನಿಗೂ ಹಸಿವಾಗುತ್ತದಲ್ಲ.